ಮಗು ಓದುತ್ತದೆ, ಆದರೆ ತಿಳಿಯುತ್ತದೆಯೆ?

(ಕುಷಾಯಿಗೂಡದ ನಮ್ಮ ಉಚಿತ ವಾಚನಾಲಯದಲ್ಲಿ ಪಾಲಕರ ಮುಂದೆ ಮಾಡಿದ ಭಾಷಣ)



ಪಾಳಿ ಮುಗಿಸಿ, ಊಟವನ್ನೂ ಮಾಡದೆ ನೇರವಾಗಿ ಇಲ್ಲಿಗೆ ಬಂದವರು ನಿಮ್ಮಲ್ಲಿ ಹಲವರಿದ್ದೀರಿ. ಆದುದರಿಂದ ಪೀಠಿಕೆಯನ್ನು ಬೆಳೆಸದೆ ವಿಷಯಕ್ಕೆ ಬರುತ್ತೇವೆ.

ಈ ವಾಚನಾಲಯದ ಜಗಲಿಯ ಮೇಲೆ ಸಂಜೆಯ ಹೊತ್ತು ನಾಲ್ಕಾರು ಮಕ್ಕಳು ಕುಳಿತು ಓದುವುದನ್ನು ನೀವು ನೋಡಿದ್ದೀರಿ. ಒಳಗೆ ಅಪ್ಪ ಪತ್ರಿಕೆ ಓದಿ ಮುಗಿಸುವವರೆಗೆ ಹೊರಗೆ ಮಗ ಪಾಠ ಓದಬೇಕೆಂಬುದು ಅವರ ಕರಾರು. ಕಳೆದ ಮಳೆಗಾಲದಲ್ಲಿ ಒಂದು ದಿನ ನಾಲ್ಕನೆಯ ತರಗತಿಯ ಹುಡುಗನೊಬ್ಬ ತನ್ನ ಇಂಗ್ಲಿಷ್ ಪಾಠವನ್ನು ಎಲ್ಲಿಯೂ ತಡವರಿಸದೆ ಓದಿದ. ತಂದೆ ಬೀದರ ಕಡೆಯವರು. ಚೆರ್ಲಪಲ್ಲಿಯ ಒಂದು ಕಾರ್ಖಾನೆಯಲ್ಲಿ ಕೆಲಸ. ಮಗನ ಓದು ಕೇಳಿ ಅವರ ಮುಖ ಅರಳಿತು. ನಾವು ಸುಮ್ಮನಿರಲಾರದೆ, “ಪಾಠದಲ್ಲಿ ಯಾರು ಎಲ್ಲಿಗೆ ಹೋದರಪ್ಪಾ?” ಎಂದು ಕೇಳಿಬಿಟ್ಟೆವು. ಹುಡುಗ ಪುಸ್ತಕ ನೋಡಿದ, ತಂದೆಯ ಮುಖ ನೋಡಿದ, ಮತ್ತೆ ಪುಸ್ತಕ ನೋಡಿದ. “ಏನ್ ಓದಿದಿ, ಹೇಳು!” ಎಂದು ತಂದೆ ಗದರಿದರು. “ಓದೀನಪ್ಪಾ, ಅದು ಏನಂತ ತಿಳೀಲಿಲ್ಲ” ಎಂದ. ತಂದೆಯ ಕೈ ಮೇಲೆದ್ದಿತು. ನಾವು ನಡುವೆ ಹೋಗದಿದ್ದರೆ ಅದು ಹುಡುಗನ ಬೆನ್ನ ಮೇಲೆ ಬೀಳುತ್ತಿತ್ತು. ಈ ಮಾತನ್ನು ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ಅವರೂ ಇಲ್ಲಿ ಕುಳಿತಿದ್ದಾರೆ.

ಹುಡುಗ ದಡ್ಡನಲ್ಲ, ಸುಳ್ಳನೂ ಅಲ್ಲ. ಓದಿದ್ದು ನಿಜ, ತಿಳಿಯದಿದ್ದುದೂ ನಿಜ. ಇದು ಹೇಗೆ ಸಾಧ್ಯವೆಂದು ಕೇಳುವವರು ತಾವು ಈ ಊರಿಗೆ ಬಂದ ಹೊಸತರ ದಿನಗಳನ್ನು ನೆನೆಸಿಕೊಳ್ಳಬೇಕು. ಕನ್ನಡದ ಲಿಪಿಯೂ ತೆಲುಗಿನ ಲಿಪಿಯೂ ಒಂದೇ ಮೂಲದಿಂದ ಒಡೆದ ಕವಲುಗಳು. ಕನ್ನಡ ಬಲ್ಲವನು ಕೆಲವೇ ದಿನಗಳಲ್ಲಿ ಬಸ್ಸಿನ ಹಲಗೆಯನ್ನೂ ಅಂಗಡಿಯ ಹಲಗೆಯನ್ನೂ ಕೂಡಿಸಿ ಓದಬಲ್ಲ. ಆದರೆ ಅರ್ಥ? ತೆಲಂಗಾಣ ಸರಕಾರ 2022ರಲ್ಲಿ ಶಾಲೆಗಳ ಸುಧಾರಣೆಗೆ ಒಂದು ಯೋಜನೆ ಆರಂಭಿಸಿತು. ಹಳ್ಳಿಗಳಲ್ಲಿ ಅದರ ಹೆಸರು ‘ಮನ ಊರು – ಮನ ಬಡಿ’, ಪಟ್ಟಣದಲ್ಲಿ ‘ಮನ ಬಸ್ತಿ – ಮನ ಬಡಿ’. ಊರಿನಿಂದ ಹೊಸದಾಗಿ ಬಂದಿದ್ದ ನಮ್ಮವರೊಬ್ಬರು ಅದನ್ನು ಅಕ್ಷರ ತಪ್ಪದೆ ಓದಿ, “ಶಾಲೆಯ ಗೋಡೆಯ ಮೇಲೆ ಬಡಿ ಅಂತ ಯಾಕೆ ಬರೆದಿದ್ದಾರೆ, ಯಾರನ್ನು ಬಡಿಯಬೇಕು?” ಎಂದು ಕೇಳಿದರು. ತೆಲುಗಿನಲ್ಲಿ ‘ಬಡಿ’ ಎಂದರೆ ಶಾಲೆ, ‘ಮನ’ ಎಂದರೆ ನಮ್ಮ. ನಾವೆಲ್ಲ ನಕ್ಕೆವು. ಆದರೆ ನಮ್ಮ ಮಕ್ಕಳು ದಿನಕ್ಕೆ ಆರು ತಾಸು ಇದೇ ಸ್ಥಿತಿಯಲ್ಲಿ ಕುಳಿತಿರುತ್ತಾರೆ, ಅವರನ್ನು ನೋಡಿ ನಗುವವರಿಲ್ಲ, ಬೈಯುವವರಿದ್ದಾರೆ.

ಹಾಗಾದರೆ ಪರೀಕ್ಷೆಯಲ್ಲಿ ಅಂಕ ಬರುತ್ತವಲ್ಲ ಎನ್ನುವಿರಿ. ಅದರ ಗುಟ್ಟನ್ನೂ ಹೇಳಿಬಿಡುತ್ತೇವೆ. “ಗಿಮ್ಮನು ಡೊಂಜಲೆಯನ್ನು ಸರಬಿದನು.” ಇದು ಯಾವ ಭಾಷೆಯಲ್ಲೂ ಅರ್ಥವಿಲ್ಲದ ವಾಕ್ಯ, ನಾವೇ ಕಟ್ಟಿದ್ದು. ಈಗ ಪ್ರಶ್ನೆ: ಗಿಮ್ಮನು ಏನನ್ನು ಸರಬಿದನು? ನೀವೆಲ್ಲ ಒಂದೇ ಕೊರಳಿನಲ್ಲಿ “ಡೊಂಜಲೆಯನ್ನು” ಎಂದಿರಿ. ಪೂರ್ಣ ಅಂಕ! ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕಿ ಆ ಸಾಲನ್ನು ಇಳಿಸಿಬಿಡುವ ಈ ವಿದ್ಯೆಯನ್ನು ಮಕ್ಕಳು ಬೇಗ ಕಲಿಯುತ್ತಾರೆ. ಕೆಳಗಿನ ತರಗತಿಗಳಲ್ಲಿ ಇದು ಸಾಗುತ್ತದೆ. ಮೇಲಕ್ಕೆ ಹೋದಂತೆ ವಿಜ್ಞಾನ, ಚರಿತ್ರೆಯ ಪಾಠಗಳು ಬಂದಾಗ ಬುಡವೇ ಕುಸಿಯುತ್ತದೆ.

ಗಫ್ ಮತ್ತು ಟನ್ಮರ್ ಎಂಬ ವಿದ್ವಾಂಸರು 1986ರಲ್ಲಿ ಇದನ್ನು ಒಂದು ಲೆಕ್ಕದಂತೆ ಹೇಳಿದರು. ಅಕ್ಷರ ಬಿಡಿಸುವ ಶಕ್ತಿ ಒಂದು, ಕೇಳಿ ಅರಿಯುವ ಭಾಷೆಯ ಶಕ್ತಿ ಇನ್ನೊಂದು. ಇವನ್ನು ಕೂಡಿಸಬಾರದು, ಗುಣಿಸಬೇಕು. ಗುಣಾಕಾರದಲ್ಲಿ ಒಂದು ಕಡೆ ಸೊನ್ನೆ ಇದ್ದರೆ ಫಲವೂ ಸೊನ್ನೆ. ನಮ್ಮ ದೇಶದಲ್ಲಿ ಮೊದಲನೆಯದೇ ಅರ್ಧಕ್ಕೆ ನಿಂತಿದೆ. ಹಳ್ಳಿಯ ಮಕ್ಕಳ ಬಗ್ಗೆ ನಡೆಯುವ ‘ಅಸರ್’ ಸಮೀಕ್ಷೆಯ 2024ರ ವರದಿಯಂತೆ, ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಸರಾಗವಾಗಿ ಓದಬಲ್ಲವರು ಅರ್ಧಕ್ಕಿಂತ ತುಸು ಕಡಿಮೆ. ಅದೂ ಬಾಯಿಂದ ಓದುವ ಲೆಕ್ಕ.

ನಮ್ಮ ಮಕ್ಕಳ ಪಾಡು ಇನ್ನೂ ತೊಡಕಿನದು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಕಿರಾಣಿ ಅಂಗಡಿಯಲ್ಲಿ ದಖನಿ, ಪುಸ್ತಕದಲ್ಲಿ ಇಂಗ್ಲಿಷ್. 2018ರ ಕಾಯಿದೆಯ ಪ್ರಕಾರ ಈ ರಾಜ್ಯದ ಶಾಲೆಗಳಲ್ಲಿ ತೆಲುಗು ಕಲಿಯುವುದು ಕಡ್ಡಾಯ. ಅದು ನ್ಯಾಯವೇ, ಇರುವ ಊರಿನ ಭಾಷೆ ಬರಬೇಕು. ಆದರೆ ಈ ಗದ್ದಲದಲ್ಲಿ ತಂದೆತಾಯಿಗಳು ಧೈರ್ಯಗೆಡುತ್ತಾರೆ. “ನನಗೆ ಇಂಗ್ಲಿಷ್ ಬಾರದು, ತೆಲುಗು ಅಷ್ಟಕ್ಕಷ್ಟೆ, ನಾನೇನು ಹೇಳಿಕೊಡಲಿ?” ಎಂದು ಸಂಬಳದ ಒಂದು ಪಾಲನ್ನು ಟ್ಯೂಷನ್ನಿಗೆ ಸುರಿಯುತ್ತಾರೆ. ಅಲ್ಲಿ ಸಿಗುವುದು ಬಹುಮಟ್ಟಿಗೆ ಉರುಹಚ್ಚುವ ಉತ್ತರಗಳು. ಕೆಲವರಂತೂ ಮನೆಯಲ್ಲಿ ಕನ್ನಡವನ್ನೇ ನಿಲ್ಲಿಸಿ, ತಮಗೂ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ಮಕ್ಕಳೊಡನೆ ನಾಲ್ಕೇ ಮಾತು ಆಡುತ್ತಾರೆ. ಇದು ದೊಡ್ಡ ತಪ್ಪು. ಮಗುವಿಗೆ ಯೋಚಿಸಲು ಇರುವ ಒಂದೇ ಗಟ್ಟಿ ಭಾಷೆಯನ್ನೂ ಕಿತ್ತುಕೊಂಡಂತೆ ಆಯಿತು.

ಈ ಸಂಕಟ ನಮ್ಮವರಿಗೆ ಹೊಸದಲ್ಲ. ನಿಜಾಮರ ಕಾಲದಲ್ಲಿ ಬೀದರ, ಗುಲ್ಬರ್ಗ, ರಾಯಚೂರು ಕಡೆಯ ಕನ್ನಡದ ಹುಡುಗರು ಮೇಲಿನ ತರಗತಿಗಳ ಪಾಠವನ್ನು ಉರ್ದುವಿನಲ್ಲಿ ಓದಿದರು. 1918ರಲ್ಲಿ ಇಲ್ಲಿಯೇ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉನ್ನತ ಶಿಕ್ಷಣವೂ ಉರ್ದುವಿನಲ್ಲಿತ್ತು. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರುವ ಮೊದಲೇ ಒಂದೆರಡು ತಲೆಮಾರು ಹೀಗೆ ಕಲಿತಿತ್ತು. ನಮ್ಮಲ್ಲೊಬ್ಬರ ಮುತ್ಯಾ ಹೇಳುತ್ತಿದ್ದರಂತೆ: ಶಾಲೆಯಿಂದ ಬಂದ ಮೇಲೆ ಒಲೆಯ ಮುಂದೆ ಕುಳಿತು, ತಾಯಿ ಜೋಳದ ರೊಟ್ಟಿ ಬಡಿಯುತ್ತಿರುವಾಗ, ಆ ದಿನದ ಚರಿತ್ರೆಯ ಪಾಠವನ್ನು ಕನ್ನಡದಲ್ಲಿ ಆಕೆಗೆ ಹೇಳಬೇಕಾಗಿತ್ತು. ತಾಯಿಗೆ ಉರ್ದುವಿನ ಅಲಿಫ್ ಸಹ ಗೊತ್ತಿಲ್ಲ. ಕನ್ನಡದ ಅಕ್ಷರವೂ ಬಾರದು. ಆದರೆ ಆಕೆ, “ಆಮ್ಯಾಲ ಏನಾತು? ಅಂವ ಯಾಕ ಹಂಗ ಮಾಡಿದ? ಹಂಗಾರ ಇವನ ಗತಿ ಏನು?” ಎಂದು ಕೇಳುತ್ತಲೇ ಇರುತ್ತಿದ್ದಳು. ಉತ್ತರ ಹೊಳೆಯದಿದ್ದರೆ ಹುಡುಗ ಎದ್ದು ಪುಸ್ತಕ ತೆರೆದು ಮತ್ತೆ ಓದಿ ಬರುತ್ತಿದ್ದ.

ಬಂಧುಗಳೆ, ನಾವು ಹೇಳಬೇಕೆಂದಿರುವ ಉಪಾಯ ಇದೇ. ಪಾಠ ಯಾವ ಭಾಷೆಯಲ್ಲಾದರೂ ಇರಲಿ, ಅದರ ಮಾತುಕತೆ ಕನ್ನಡದಲ್ಲಿ ನಡೆಯಲಿ. ಆ ಹುಡುಗನ ಗಣಿತದ ಪುಸ್ತಕದಲ್ಲಿ ಒಂದು ಲೆಕ್ಕವಿತ್ತು. ರಾಮುವಿನ ಬಳಿ 24 ಮಾವಿನಹಣ್ಣು. ಅವು ಸೋಮುವಿನ ಹಣ್ಣುಗಳಿಗಿಂತ 8 ಹೆಚ್ಚು. ಸೋಮುವಿನ ಬಳಿ ಎಷ್ಟು? ಇಂಗ್ಲಿಷಿನಲ್ಲಿ ‘ಮೋರ್’ ಎಂಬ ಪದ ಕಂಡದ್ದೇ ತಡ, ಹುಡುಗ ಕೂಡಿಸಿ 32 ಎಂದು ಬರೆದಿದ್ದ. ಅದನ್ನೇ ಕನ್ನಡದಲ್ಲಿ ಕೇಳಿದಾಗ, “ಹದಿನಾರು! ಇದು ಇಷ್ಟೇ ಏನ್ರೀ?” ಎಂದ. ಗಣಿತ ಅವನಿಗೆ ಬರುತ್ತಿತ್ತು, ಬಾರದಿದ್ದುದು ವಾಕ್ಯ.

ಅಂದಿನಿಂದ ಆ ತಂದೆ ದಿನಕ್ಕೆ ಹದಿನೈದು ನಿಮಿಷ ಕೊಡುತ್ತಿದ್ದಾರೆ. ರಾತ್ರಿ ಪಾಳಿಯ ವಾರದಲ್ಲಿ ತಾಯಿ ಕೂಡುತ್ತಾರೆ. ಮೊದಲು ಚಿತ್ರ ನೋಡಿ, ಇದು ಯಾವುದರ ಬಗ್ಗೆ ಇರಬಹುದೆಂದು ಹುಡುಗನಿಂದಲೇ ಊಹೆ ಮಾಡಿಸುತ್ತಾರೆ. ನಾಲ್ಕೈದು ಸಾಲಾದ ಮೇಲೆ ಪುಸ್ತಕ ಮುಚ್ಚಿಸಿ, ಏನಾಯಿತೆಂದು ಕನ್ನಡದಲ್ಲಿ ಹೇಳಿಸುತ್ತಾರೆ. ‘ಅವನು’, ‘ಅದು’ ಎಂದು ಬಂದಲ್ಲಿ, ಯಾರು, ಯಾವುದು ಎಂದು ಕೇಳುತ್ತಾರೆ. ಮಕ್ಕಳು ಇಂಥ ಸಣ್ಣ ಪದಗಳಲ್ಲಿಯೂ ಎಡವುತ್ತಾರೆ. ಓದುವಾಗ ಉಚ್ಚಾರ ತಿದ್ದುತ್ತ ಅಡ್ಡ ಬರುವುದಿಲ್ಲ. ಕೊನೆಗೆ, ಪುಸ್ತಕದ ಯಾವ ಸಾಲಿನಲ್ಲೂ ನೇರವಾಗಿ ಉತ್ತರವಿಲ್ಲದ ಒಂದು ಪ್ರಶ್ನೆ. ಅಷ್ಟೇ. ತೆಲುಗು ಪಾಠಕ್ಕಂತೂ ನಮ್ಮ ಕನ್ನಡವೇ ಅರ್ಧ ಗುರು. ಪಾಲು ಹಾಲು, ಪುಲಿ ಹುಲಿ, ಪುವ್ವು ಹೂವು: ‘ಪ’ ಇದ್ದಲ್ಲಿ ‘ಹ’ ಇಟ್ಟು ನೋಡುವ ಆಟ ಹುಡುಗನಿಗೆ ಬಲು ಇಷ್ಟವಾಯಿತು. ‘ಬಡಿ’ಯಂಥ ಮೋಸಗಾರ ಪದಗಳನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದಾನೆ.

ಫೋನು ಇದ್ದವರು ಪ್ರಥಮ್ ಬುಕ್ಸ್‌ನವರು 2015ರಲ್ಲಿ ತೆರೆದ ‘ಸ್ಟೋರಿವೀವರ್’ ನೋಡಬಹುದು. ಒಂದೇ ಕತೆ ಹಲವು ಭಾಷೆಗಳಲ್ಲಿ ಹಣವಿಲ್ಲದೆ ಸಿಗುತ್ತದೆ. ಮೊದಲು ಕನ್ನಡದಲ್ಲಿ ಓದಿ, ಆಮೇಲೆ ಅದನ್ನೇ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಓದಿಸಿರಿ. ಇನ್ನೊಂದು ಮಾತು: ಕನ್ನಡದಲ್ಲಿ ಕೇಳಿದ್ದೆಲ್ಲ ತಿಳಿದರೂ, ತಿಂಗಳುಗಟ್ಟಲೆ ಕಲಿಸಿದರೂ ಅಕ್ಷರಗಳೇ ಕೂಡದ ಮಗುವಿನ ಮಾತು ಬೇರೆ. ಮೊದಲು ಕಣ್ಣು, ಕಿವಿ ತೋರಿಸಿರಿ. ಆಮೇಲೆ ತಜ್ಞರಲ್ಲಿ ಕೇಳಿರಿ. ಇಂಥ ಕಲಿಕೆಯ ತೊಂದರೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಲೆಕ್ಕಕ್ಕೆ ತೆಗೆದುಕೊಂಡಿದೆ. ಅದಕ್ಕೆ ಹೊಡೆತ ಮದ್ದಲ್ಲ.

ಹೋದ ಭಾನುವಾರ ಜಗಲಿಯ ಮಕ್ಕಳಿಗೆ ಪುಣ್ಯಕೋಟಿಯ ಕತೆ ಹೇಳಿದೆವು. ಕತೆ ಮುಗಿದ ಮೇಲೆ, ಹುಲಿ ಯಾಕೆ ಪ್ರಾಣ ಬಿಟ್ಟಿತು ಎಂದು ಕೇಳಿದೆವು. ಒಬ್ಬಳು ನಾಚಿಕೆಯಾಯಿತು ಎಂದಳು, ಇನ್ನೊಬ್ಬ ಪಾಪಕ್ಕೆ ಹೆದರಿತು ಎಂದ. ನಮ್ಮ ಹುಡುಗ ಬಹಳ ಹೊತ್ತು ಸುಮ್ಮನಿದ್ದು, “ಅದು ಸಾಯಬಾರದಿತ್ರೀ. ಆಕಳು ಹೇಳಿದ ಮಾತಿನಂತೆ ಬಂತು, ಸರಿ. ಆದರ ಹುಲಿಗೆ ಹಸಿವು ಇತ್ತಲ್ಲ, ಅದು ಏನು ತಿನ್ನಬೇಕಿತ್ತು?” ಎಂದು ಕೇಳಿದ. ಅದಕ್ಕೆ ನಮ್ಮ ಬಳಿ ಉತ್ತರವಿರಲಿಲ್ಲ. ಅವನ ತಂದೆ ಪತ್ರಿಕೆ ಮಡಿಚಿಟ್ಟು ಹೊರಗೆ ಬಂದು, ಮಗನ ಪಕ್ಕದಲ್ಲಿ ಕುಳಿತು ವಾದಕ್ಕೆ ತೊಡಗಿದರು.