ಚಿತ್ರ ಉಳಿಯದಿದ್ದರೆ ಸಾಕ್ಷಿಯೂ ಉಳಿಯದು

(ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಕೃಷಿಕರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ನಂಜನಗೂಡು ರಸಬಾಳೆಗೆ 2005-06ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಆದರೆ ಆ ಹೆಸರು ಕಾಗದದಲ್ಲಿ ಭದ್ರವಾಗುವ ಹೊತ್ತಿಗೆ ತೋಟಗಳಲ್ಲಿ ತಳಿಯೇ ವಿರಳವಾಗಿತ್ತು. ಪನಾಮಾ ಸೊರಗು ರೋಗ ಇದಕ್ಕೆ ಮುಖ್ಯ ಕಾರಣ. ಫ್ಯುಸೇರಿಯಂ ಎಂಬ ಶಿಲೀಂಧ್ರವು ಬೇರಿನ ಮೂಲಕ ಒಳಹೊಕ್ಕು ನೀರು ಸಾಗಿಸುವ ನಾಳಗಳನ್ನು ಕಟ್ಟಿಹಾಕುತ್ತದೆ. ಮೊದಲು ಕೆಳಗಿನ ಎಲೆಗಳ ಅಂಚು ಹಳದಿಯಾಗುತ್ತದೆ; ಬಳಿಕ ಎಲೆಗಳು ಮುರಿದು ದಿಂಡಿನ ಸುತ್ತ ಜೋತುಬೀಳುತ್ತವೆ. ದಿಂಡನ್ನು ಸೀಳಿದರೆ ಕೆಂಗಂದು ಗೆರೆಗಳು ಕಾಣುತ್ತವೆ. ಶಿಲೀಂಧ್ರವು ಮಣ್ಣಿನಲ್ಲಿ ದಶಕಗಳ ಕಾಲ ಬದುಕಬಲ್ಲದಾದ್ದರಿಂದ ರೋಗ ತಗುಲಿದ ಗಿಡವನ್ನು ಬುಡಸಹಿತ ಕಿತ್ತು ನಾಶಪಡಿಸಬೇಕು. ಕಿತ್ತ ಗಿಡದ ಚಿತ್ರವನ್ನು ಮತ್ತೆ ತೆಗೆಯಲಾಗದು.

ನದಿಯ ವಿಷಯವೂ ಹೀಗೆಯೇ. ವಯನಾಡಿನ ಬೆಟ್ಟಗಳಲ್ಲಿ ಸುರಿದ ಮಳೆ ಕಬಿನಿ ಜಲಾಶಯವನ್ನು ತುಂಬಿ, ನಂಜನಗೂಡನ್ನು ಹಾದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಪ್ರದೇಶಗಳು ಜಲಾವೃತವಾದವು. ಇಂತಹ ನೆರೆ ಗೋಡೆಯ ಮೇಲೆ ಬಿಟ್ಟ ಗುರುತು ಸುಣ್ಣ ಬಳಿಯುವವರೆಗೆ ಮಾತ್ರ ಇರುತ್ತದೆ.

ಇಂತಹ ಚಿತ್ರಗಳನ್ನು ಒಟ್ಟುಗೂಡಿಸಿ, ಗುರುತು ಹಾಕಿ, ಕಾಪಿಡುವ ಚಿಕ್ಕ ತಂತ್ರಾಂಶಗಳನ್ನು ವಿದ್ಯಾರ್ಥಿಗಳೇ ಬರೆಯಬಲ್ಲರು. ಅದಕ್ಕೆ ಒದಗುವ ಸಾಧನಗಳಲ್ಲಿ ಒಂದು, 1995ರಲ್ಲಿ ನಾರ್ವೆಯಿಂದ ಹೊರಬಂದ ‘ಕ್ಯೂಟ್’ ಎಂಬ ಟೂಲ್‌ಕಿಟ್. ಕಿಟಕಿ, ಗುಂಡಿ, ಚಿತ್ರ ಮುಂತಾದವನ್ನು ಪರದೆಯ ಮೇಲೆ ಮೂಡಿಸುವ ಸಿದ್ಧ ಪರಿಕರಗಳು ಇದರಲ್ಲಿವೆ. ಪೈಥಾನ್ ಭಾಷೆಯಿಂದಲೂ ಇದನ್ನು ಬಳಸಬಹುದು.

ಇದರಲ್ಲಿ ಚಿತ್ರ ಉಳಿಸುವ ‘ಸೇವ್’ ಎಂಬ ಆದೇಶ ವಿಫಲವಾದಾಗ ಗದ್ದಲ ಮಾಡುವುದಿಲ್ಲ. ತಂತ್ರಾಂಶ ನಿಲ್ಲುವುದೂ ಇಲ್ಲ. ‘ಹೌದು’ ಅಥವಾ ‘ಇಲ್ಲ’ ಎಂಬ ಉತ್ತರವನ್ನಷ್ಟೇ ಹಿಂದಿರುಗಿಸುತ್ತದೆ. ಆ ಉತ್ತರವನ್ನು ನೋಡದೆಯೇ ‘ಚಿತ್ರ ಉಳಿಯಿತು’ ಎಂದು ಪರದೆಯ ಮೇಲೆ ತೋರಿಸಿದರೆ ರೈತನು ಅದನ್ನು ನಂಬಿ ಗಿಡವನ್ನು ಕೀಳುತ್ತಾನೆ. ಆಗ ದಿನವಿಡೀ ಪಟ್ಟ ಶ್ರಮವು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗುತ್ತದೆ.

ಉತ್ತರ ‘ಇಲ್ಲ’ ಎಂದು ಬಂದಾಗ ಕಾರಣಗಳನ್ನು ಕ್ರಮವಾಗಿ ಹುಡುಕಬೇಕು.

ಮೊದಲನೆಯದಾಗಿ, ಉಳಿಸಲು ಚಿತ್ರವಿದೆಯೇ? ಮೂಲ ಚಿತ್ರವೇ ತೆರೆಯದಿದ್ದರೆ ಕೈಯಲ್ಲಿರುವುದು ಶೂನ್ಯ. ‘ಈಸ್‌ನಲ್’ ಎಂಬ ಪರೀಕ್ಷೆ ಇದನ್ನು ತಿಳಿಸುತ್ತದೆ.

ಎರಡನೆಯದಾಗಿ, ಫೋಲ್ಡರ್ ಇದೆಯೇ? ಇಲ್ಲದ ಫೋಲ್ಡರನ್ನು ‘ಸೇವ್’ ತಾನಾಗಿ ಸೃಷ್ಟಿಸದು. ಕಡತದ ಹೆಸರಿನಲ್ಲಿ 12/8/2025 ಎಂದು ದಿನಾಂಕ ಬರೆದರೆ, ಓರೆಗೆರೆಗಳಿಂದಾಗಿ ಗಣಕಯಂತ್ರವು 12 ಮತ್ತು 8 ಎಂಬ ಫೋಲ್ಡರುಗಳನ್ನು ಹುಡುಕುತ್ತದೆ. 2025-08-12 ಎಂದು ಬರೆಯುವುದು ಕ್ಷೇಮ. ದಿನಾಂಕಗಳು ಅನುಕ್ರಮವಾಗಿಯೂ ನಿಲ್ಲುತ್ತವೆ.

ಮೂರನೆಯದಾಗಿ, ಅಲ್ಲಿ ಬರೆಯಲು ಅನುಮತಿಯಿದೆಯೇ, ಜಾಗವಿದೆಯೇ? ಗ್ರಂಥಾಲಯದ ಗಣಕಯಂತ್ರದಲ್ಲಿ ಎಲ್ಲ ಫೋಲ್ಡರುಗಳಿಗೂ ಬರೆಯುವ ಹಕ್ಕು ಇರುವುದಿಲ್ಲ.

ನಾಲ್ಕನೆಯದಾಗಿ, ಚಿತ್ರದ ರೂಪ ಯಾವುದು? ಹೆಸರಿನ ಕೊನೆಯಲ್ಲಿ ಪಿಎನ್‌ಜಿ, ಜೆಪಿಜಿ ಎಂಬ ಬಾಲವಿಲ್ಲದಿದ್ದರೆ, ರೂಪವನ್ನು ಬೇರೆಯಾಗಿ ತಿಳಿಸದ ಹೊರತು ಉಳಿಕೆ ವಿಫಲವಾಗುತ್ತದೆ. ಪಿಎನ್‌ಜಿ ಬೆಂಬಲ ಕ್ಯೂಟ್‌ನ ಒಳಗೇ ಇದೆ. ಜೆಪಿಜಿಗೆ ಸಾಮಾನ್ಯವಾಗಿ ಪ್ರತ್ಯೇಕ ಪ್ಲಗಿನ್ ಬೇಕು. ಬರೆದವನ ಯಂತ್ರದಲ್ಲಿ ಸರಿಯಾಗಿ ನಡೆದ ತಂತ್ರಾಂಶವು ಬೇರೆ ಊರಿನ ಯಂತ್ರದಲ್ಲಿ ಸೋಲಲು, ಆ ಪ್ಲಗಿನ್ ಜೊತೆಯಲ್ಲಿ ಹೋಗದಿರುವುದೂ ಒಂದು ಕಾರಣ.

‘ಇಲ್ಲ’ ಎಂಬುದರ ಕಾರಣ ತಿಳಿಯಬೇಕಾದರೆ ‘ಕ್ಯೂಇಮೇಜ್‌ರೈಟರ್’ ಬಳಸಿ. ಅದರ ‘ಎರರ್‌ಸ್ಟ್ರಿಂಗ್’ ದೋಷವನ್ನು ವಾಕ್ಯರೂಪದಲ್ಲಿ ಹೇಳುತ್ತದೆ.

ಉತ್ತರ ‘ಹೌದು’ ಎಂದಿದ್ದೂ ಚಿತ್ರ ಕಾಣದಿದ್ದರೆ ಅದು ಬೇರೆಡೆ ಉಳಿದಿರಬಹುದು. ಪೂರ್ಣ ವಿಳಾಸ ಕೊಡದೆ ಬರಿಯ ಹೆಸರು ಕೊಟ್ಟಾಗ, ತಂತ್ರಾಂಶವು ಯಾವ ಫೋಲ್ಡರಿನಲ್ಲಿ ನಿಂತು ಕೆಲಸ ಮಾಡುತ್ತಿದೆಯೋ ಅಲ್ಲಿಗೇ ಕಡತ ಹೋಗುತ್ತದೆ.

ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದೇ ಇಲ್ಲ. ಕ್ಯಾಮೆರಾ ಚಿತ್ರದೊಳಗೆ ದಿನಾಂಕ, ಸಮಯ ಮತ್ತು ಕೆಲವೊಮ್ಮೆ ಸ್ಥಳದ ವಿವರವೂ ಅಡಗಿರುತ್ತವೆ. ಕ್ಯೂಟ್‌ನಲ್ಲಿ ತೆರೆದು ಮತ್ತೆ ಉಳಿಸಿದಾಗ ಅವು ಅಳಿಯುತ್ತವೆ. ಜೆಪಿಜಿಯಾಗಿ ಮತ್ತೆ ಮತ್ತೆ ಉಳಿಸಿದರೆ ಎಲೆಯಂಚಿನ ಸೂಕ್ಷ್ಮ ಬಣ್ಣಗಳೂ ಮಸುಕಾಗುತ್ತವೆ. ಆದುದರಿಂದ ಮೂಲ ಕಡತವನ್ನು ಮುಟ್ಟದೆ ಹಾಗೆಯೇ ನಕಲು ಮಾಡಿಡಿ. ಗುರುತು ಹಾಕಿದ ಪ್ರತಿಯನ್ನು ಬೇರೆಯಾಗಿ ಪಿಎನ್‌ಜಿ ರೂಪದಲ್ಲಿ ಉಳಿಸಿ.

ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟು: ಉಳಿಸಿದ ಕಡತವನ್ನು ನಿಮ್ಮ ತಂತ್ರಾಂಶವೇ ಮರಳಿ ತೆರೆದು ನೋಡಲಿ, ಅದು ತೆರೆದ ಮೇಲೆಯೇ ‘ಉಳಿಯಿತು’ ಎಂದು ಹೇಳಲಿ. ಗ್ರಾಮಸ್ಥರಲ್ಲಿ ವಿನಂತಿ: ಚಿತ್ರವನ್ನು ಪರದೆಯ ಮೇಲೆ ಕಣ್ಣಾರೆ ಕಂಡ ನಂತರವೇ ಗಿಡಕ್ಕೆ ಗುದ್ದಲಿ ಹಾಕಿ, ಗೋಡೆಗೆ ಸುಣ್ಣ ಬಳಿಯಿರಿ. ಮುಂದೆ ಅದೇ ಮಣ್ಣಿನಲ್ಲಿ ರಸಬಾಳೆಯ ಕಂದು ನೆಡಬಹುದೇ, ಅದೇ ದಡದಲ್ಲಿ ಮನೆ ಕಟ್ಟಬಹುದೇ ಎಂಬ ಪ್ರಶ್ನೆ ಬಂದಾಗ ಈ ಚಿತ್ರಗಳನ್ನೇ ಕೇಳಬೇಕಾಗುತ್ತದೆ.