ಸಣ್ಣ ಕಾಯಿಲೆಯ ನಾಯಿಮರಿ: ತರಬಹುದೇ, ಬಿಡಬೇಕೇ?

(ಕುರಿ ಸಾಕುವ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಮ್ಮ ಹೊಸದುರ್ಗದ ಸೀಮೆಯಲ್ಲಿ ಕುರಿ ರೊಪ್ಪವಿರುವ ಮನೆಗೆ ನಾಯಿ ಬೇಕೇ ಬೇಕು. ಮತ್ತೋಡು, ಶ್ರೀರಾಂಪುರ, ಮಾಡದಕೆರೆ ಹೋಬಳಿಗಳಲ್ಲಿ ಕುರಿ ಕಾಯುವವರಿಗೂ, ತೆಂಗಿನ ತೋಟದಲ್ಲಿ ಕಾವಲು ಮಲಗುವವರಿಗೂ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಒಂದು ಮಾತು. ಕುರಿ ಕೊಳ್ಳುವಾಗ ಹಲ್ಲು ನೋಡುತ್ತೇವೆ, ಬೆನ್ನು ಹಿಡಿದು ನೋಡುತ್ತೇವೆ. ಅದನ್ನು ಕಾಯುವ ನಾಯಿಮರಿ ಕೊಳ್ಳುವಾಗ ಮಾತ್ರ ಬಣ್ಣ ನೋಡಿ ಚೀಲದಲ್ಲಿ ಹಾಕಿಕೊಂಡು ಬರುತ್ತೇವೆ.

"ಮರಿ ಚೆನ್ನಾಗಿದೆ, ಹೊಕ್ಕುಳಲ್ಲಿ ಒಂದು ಸಣ್ಣ ಗಂಟಿದೆಯಂತೆ, ಅರ್ಧ ಬೆಲೆಗೆ ಕೊಡುತ್ತಾರೆ, ತರಲೇ?" ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೆ: ತರಬಹುದು. ಆದರೆ ಕಾಯಿಲೆ ಸಣ್ಣದೆಂದು ಮಾರುವವನು ಹೇಳಿದರೆ ಸಾಲದು, ಪಶುವೈದ್ಯರು ಹೇಳಬೇಕು.

ನಾನು ಓದಿದ್ದು ಕೃಷಿ ಡಿಪ್ಲೊಮಾ, ಪಶುವೈದ್ಯವಲ್ಲ. ಈ ಪಾಠವನ್ನು ನಾನು ಕಲಿತದ್ದು ಮನೆಯಲ್ಲಿ. ನಾನು ಚಿಕ್ಕವನಿದ್ದಾಗ ನಮ್ಮಪ್ಪ ಸಂತೆಯಿಂದ ಒಂದು ಮರಿ ತಂದರು. ಕಾಲು ಸಣ್ಣ, ಹೊಟ್ಟೆ ಗುಡಾಣದಂತೆ. "ಹೊಟ್ಟೆ ತುಂಬ ಹಾಲು ಕುಡಿದಿದೆ" ಎಂದು ನಾವು ಹುಡುಗರು ಹಿಗ್ಗಿದೆವು. ಹೊಟ್ಟೆಯಲ್ಲಿದ್ದದ್ದು ಹಾಲಲ್ಲ, ಜಂತುಹುಳು. ಸಗಣಿಯಲ್ಲಿ ಹುಳು ಬಿದ್ದರೂ "ಎಲ್ಲ ಮರಿಗೂ ಇರುವುದೇ" ಎಂದು ಸುಮ್ಮನಿದ್ದೆವು. ಮೂರು ವಾರಕ್ಕೆ ಮರಿ ಸತ್ತಿತು. ಒಂದು ಗುಟುಕು ಔಷಧದಿಂದ ಉಳಿಯಬಹುದಾಗಿದ್ದ ಜೀವ ಅದು. ಸಣ್ಣ ಕಾಯಿಲೆಗೆ ಔಷಧ ಕೊಟ್ಟರೆ ಮಾತ್ರ ಅದು ಸಣ್ಣದಾಗಿ ಉಳಿಯುತ್ತದೆ. ಈ ಮಾತು ಅಂದಿನಿಂದ ನನ್ನ ಮನಸ್ಸಿನಲ್ಲಿ ನಿಂತಿದೆ.

ಈಗ ಮರಿಯನ್ನು ಹೇಗೆ ನೋಡಬೇಕೆಂಬುದನ್ನು ಒಂದೊಂದಾಗಿ ತಿಳಿಯೋಣ.

ಮೊದಲು ಹೊಟ್ಟೆ. ದುಂಡುಹುಳು ತಾಯಿಯ ಗರ್ಭದಲ್ಲಿರುವಾಗಲೇ ಮರಿಗೆ ಬರುತ್ತದೆ. ಆದ್ದರಿಂದ ಹುಟ್ಟಿದ 2 ವಾರಕ್ಕೇ ಜಂತಿನ ಔಷಧ ಆರಂಭಿಸಿ, 2 ವಾರಕ್ಕೊಮ್ಮೆಯಂತೆ 8 ವಾರದವರೆಗೆ ಕೊಡಬೇಕು. ಮುಂದಿನದನ್ನು ವೈದ್ಯರಲ್ಲಿ ಕೇಳಬೇಕು. ಈ ಹುಳುವಿನ ಮೊಟ್ಟೆ ಮಣ್ಣಿನಲ್ಲಿ ಬೆರೆತು, ಅಂಗಳದಲ್ಲಿ ಆಡುವ ಮಕ್ಕಳ ಕೈಯಿಂದ ಬಾಯಿಗೆ ಸೇರಬಹುದು. ತಾಯಂದಿರು ಇದನ್ನು ಗಮನಿಸಬೇಕು.

ಎರಡನೆಯದು ಹೊಕ್ಕುಳ ಗಂಟು. ಮೆತ್ತಗಿದ್ದು, ಬೆರಳಿಂದ ಒತ್ತಿದರೆ ಒಳಕ್ಕೆ ಹೋಗುವ ಸಣ್ಣ ಗಂಟಿಗೆ ಹೆದರಬೇಕಾಗಿಲ್ಲ. ಎಷ್ಟೋ ಮರಿಗಳಲ್ಲಿ ಅದು 6 ತಿಂಗಳೊಳಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಮುಚ್ಚದಿದ್ದರೆ ಶಸ್ತ್ರಚಿಕಿತ್ಸೆಯುಂಟು. ಆದರೆ ಗಂಟು ಗಟ್ಟಿಯಾಗಿ, ಬಿಸಿಯಾಗಿ, ಮುಟ್ಟಿದರೆ ಮರಿ ಅರಚಿದರೆ, ಕರುಳು ಸಿಕ್ಕಿಕೊಂಡಿರಬಹುದು. ಆಗ ಒಂದು ಗಳಿಗೆಯೂ ತಡಮಾಡಬಾರದು. ಈ ದೋಷ ವಂಶದಲ್ಲಿ ಇಳಿದು ಬರುವುದುಂಟು. ಅಂಥ ನಾಯಿಯಿಂದ ಮರಿ ಮಾಡಿಸಬೇಡಿ.

ಮೂರನೆಯದು ಚರ್ಮ. ಕಣ್ಣಿನ ಸುತ್ತ, ಮೂತಿಯ ಮೇಲೆ ಒಂದೆರಡು ಕಡೆ ಕೂದಲು ಉದುರಿ, ಹೆಚ್ಚು ತುರಿಕೆಯಿಲ್ಲದ ಒಂದು ಬಗೆಯ ಕಜ್ಜಿ ಬಹುಪಾಲು ತಾನೇ ವಾಸಿಯಾಗುತ್ತದೆ. ಮೈಯೆಲ್ಲ ಕೆರೆದುಕೊಳ್ಳುವ ಇನ್ನೊಂದು ಬಗೆ ಬೇರೆ ನಾಯಿಗೂ ಮನುಷ್ಯರಿಗೂ ಅಂಟುತ್ತದೆ. ಎರಡನ್ನೂ ಬರಿಗಣ್ಣಿನಿಂದ ಬೇರ್ಪಡಿಸುವುದು ಕಷ್ಟ. ವೈದ್ಯರು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕಜ್ಜಿಗೆ ಗಾಡಿಯ ಸುಟ್ಟ ಎಣ್ಣೆ ಬಳಿಯುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಬಿಡಿ. ಮರಿ ಮೈ ನೆಕ್ಕಿಕೊಂಡರೆ ಅದು ವಿಷ. ಕುರಿಗೆ ತಂದ ಔಷಧವನ್ನೂ ಅಂದಾಜಿನಲ್ಲಿ ನಾಯಿಗೆ ಕೊಡಬೇಡಿ.

ಇನ್ನು, ಎಷ್ಟೇ ಅಗ್ಗವಾದರೂ ತರಬಾರದ ಮರಿ ಯಾವುದು? ವಾಂತಿ, ರಕ್ತಭೇದಿ, ಕಣ್ಣು ಮೂಗಿನಲ್ಲಿ ಕೀವು, ಮೈ ನಡುಕ, ಮೇವು ಮುಟ್ಟದೆ ಮುದುಡಿ ಕೂರುವುದು. ಇವುಗಳಲ್ಲಿ ಒಂದಿದ್ದರೂ ಅದು ಸಣ್ಣ ಕಾಯಿಲೆಯಲ್ಲ. ಅಂಥ ಮರಿಯನ್ನು ಕೂಡಲೇ ಆಸ್ಪತ್ರೆಗೆ ತೋರಿಸುವಂತೆ ಮಾರುವವನಿಗೆ ಹೇಳಿ. 8 ವಾರ ತುಂಬದ ಮರಿಯನ್ನೂ ತರಬೇಡಿ. 2017ರ ಕೇಂದ್ರ ಸರ್ಕಾರದ ನಿಯಮದಂತೆ ಅದನ್ನು ಮಾರುವುದೇ ತಪ್ಪು.

ಕುರಿ ಸಾಕುವವರಿಗೆ ಇನ್ನೊಂದು ವಿಶೇಷ ಮಾತು. ಕುರಿ ತಲೆ ವಾರೆ ಮಾಡಿ, ಒಂದೇ ಕಡೆ ಸುತ್ತಿ ಸುತ್ತಿ ಬೀಳುವುದನ್ನು ತಾವು ಕಂಡಿರಬಹುದು. ಅದಕ್ಕೆ ಗಾಳಿ ದೆವ್ವ ಕಾರಣವಲ್ಲ. ಹಲವು ವೇಳೆ ಕುರಿಯ ಮಿದುಳಿನಲ್ಲಿ ಬೆಳೆದ ನೀರುಗುಳ್ಳೆಯೇ ಕಾರಣ. ಅಂಥ ಕುರಿಯ ತಲೆಯನ್ನು ನಾಯಿ ತಿಂದರೆ ಅದರ ಹೊಟ್ಟೆಯಲ್ಲಿ ಲಾಡಿಹುಳು ಬೆಳೆಯುತ್ತದೆ. ನಾಯಿಯ ಸಗಣಿಯಿಂದ ಮೊಟ್ಟೆ ಹುಲ್ಲಿಗೆ, ಹುಲ್ಲಿನಿಂದ ಮತ್ತೆ ಕುರಿಗೆ. ನಾಯಿಗೆ ಅದು ಸಣ್ಣ ಕಾಯಿಲೆ, ಮಂದೆಗೆ ದೊಡ್ಡ ನಷ್ಟ. ಆದ್ದರಿಂದ ಸತ್ತ ಕುರಿಯನ್ನು ಆಳವಾಗಿ ಹೂಳಿ. ಹಸಿ ತಲೆಯನ್ನು ನಾಯಿಗೆ ಎಸೆಯಬೇಡಿ. ಲಾಡಿಹುಳುವಿನ ಔಷಧವನ್ನು ವೈದ್ಯರಲ್ಲಿ ಪ್ರತ್ಯೇಕವಾಗಿ ಕೇಳಿ ಕೊಡಿಸಿ.

ಮರಿಗೆ 3 ತಿಂಗಳಾದಾಗ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿ, ಮುಂದೆ ವೈದ್ಯರು ಹೇಳಿದಂತೆ ಪುನಃ ಪುನಃ ಹಾಕಿಸಬೇಕು. ಈ ರೋಗಕ್ಕೆ ಲೂಯಿ ಪಾಶ್ಚರರು 1885ರಲ್ಲಿಯೇ ಮನುಷ್ಯರಿಗೆ ಲಸಿಕೆ ಕೊಟ್ಟು ತೋರಿಸಿದರು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮಾತ್ರ ಬದುಕುವ ಭರವಸೆ ಇಲ್ಲ. ಮರಿ ತಾನೇ ಎನ್ನಬೇಡಿ. ಕಚ್ಚಿದರೆ, ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ.

ಬೇಟೆಯ ತಳಿಯೇ ಬೇಕೆನ್ನುವವರು ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ವಿಚಾರಿಸುತ್ತಾರೆ. 2005ರಲ್ಲಿ ಅಂಚೆಚೀಟಿಯಲ್ಲಿ ಮುದ್ರಣವಾದ ನಮ್ಮ ನಾಡಿನ ತಳಿ ಅದು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಶೋಧನಾ ಕೇಂದ್ರವಿದೆ. ಅಷ್ಟು ದೂರ ಹೋಗಲಾರದವರಿಗೆ ನಮ್ಮ ಊರ ನಾಯಿಯೇ ಸಾಕು. ಬಿಸಿಲಿಗೂ ಬರಕ್ಕೂ ಒಗ್ಗಿದ ಜೀವ.

ಕೊನೆಯದಾಗಿ ಬೆಲೆಯ ವಿಚಾರ. ಕಾಯಿಲೆಯ ಮರಿಗೆ ಬೆಲೆ ಕಟ್ಟುವ ಮುಂಚೆ ಚಿಕಿತ್ಸೆಯ ಖರ್ಚನ್ನೂ ಕೂಡಿಸಿ ನೋಡಿ. ಯಾವ ದಿನ ಯಾವ ಔಷಧ, ಯಾವ ಲಸಿಕೆ ಹಾಕಿಸಿದೆ ಎಂದು ಮಾರುವವನಿಂದ ಚೀಟಿಯಲ್ಲಿ ಬರೆಸಿಕೊಳ್ಳಿ. ವೈದ್ಯರಿಗೆ ತೋರಿಸಿದ ಮೇಲೆಯೇ ಪೂರ್ತಿ ಹಣ ಕೊಡುವ ಮಾತಾಡಿ. ಪಶು ಆಸ್ಪತ್ರೆ ದೂರವಿದ್ದರೆ 1962 ಎಂಬ ದೂರವಾಣಿ ಸಂಖ್ಯೆಗೆ ಕರೆಮಾಡಿ ಸಲಹೆ ಕೇಳಿ.

ಒಮ್ಮೆ ಮನೆಗೆ ತಂದ ಮೇಲೆ, ಕಜ್ಜಿ ಹೆಚ್ಚಿತೆಂದು ಪಕ್ಕದೂರಿನ ರಸ್ತೆಯಲ್ಲಿ ಬಿಟ್ಟು ಬರಬೇಡಿ. ಬಿಟ್ಟ ಮರಿ ಬೀದಿಯ ಪಾಲಾಗುತ್ತದೆ, ಅದರ ರೋಗ ಊರ ಪಾಲಾಗುತ್ತದೆ. ಗುಣವಾಗುವ ಕಾಯಿಲೆಯ ಮರಿಯನ್ನು ತಿಳಿದು ತಂದು, ಔಷಧ ಹಾಕಿ ಬೆಳೆಸಿದರೆ, ನಾಳೆ ಅದು ನಿಮ್ಮ ರೊಪ್ಪದ ಬಾಗಿಲಲ್ಲಿ ಮಲಗುತ್ತದೆ. ನಿಮಗೆ ನಿಶ್ಚಿಂತೆಯ ನಿದ್ದೆ ಬರುತ್ತದೆ.