ಗೆರೆ ದಾಟಿದ ಮೇಲೆ



ನವಿ ಮುಂಬಯಿಯ ಪಾಮ್ ಬೀಚ್ ರಸ್ತೆಯಲ್ಲಿ, ಠಾಣೆಯ ಯೇವೂರ್ ಗುಡ್ಡದ ಏರಿನಲ್ಲಿ ನಸುಕಿಗೇ ಸೈಕಲ್ ತುಳಿಯುವವರು ಕಾಣುತ್ತಾರೆ. ಅವರಲ್ಲಿ ಕೆಲವರ ಕನಸು ಐರನ್‌ಮ್ಯಾನ್: 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಬಳಿಕ 42.2 ಕಿ.ಮೀ. ಓಟ, ಎಲ್ಲವೂ ಒಂದೇ ದಿನ.

1982ರ ಫೆಬ್ರವರಿಯಲ್ಲಿ ಹವಾಯಿಯ ಈ ಸ್ಪರ್ಧೆಯಲ್ಲಿ ಜೂಲಿ ಮಾಸ್ ಎಂಬ ವಿದ್ಯಾರ್ಥಿನಿ ಮಹಿಳೆಯರಲ್ಲಿ ಮುಂದಿದ್ದರು. ಗುರಿ ಹತ್ತಿರವಾದಾಗ ಕಾಲು ಸೋತು ಕುಸಿದರು. ಎದ್ದರು, ಮತ್ತೆ ಬಿದ್ದರು, ಕೊನೆಗೆ ತೆವಳುತ್ತಲೇ ಗೆರೆ ಮುಟ್ಟಿದರು. ಅಷ್ಟರಲ್ಲಿ ಕ್ಯಾಥ್ಲೀನ್ ಮೆಕಾರ್ಟ್ನಿ ಗೆದ್ದಾಗಿತ್ತು. ಅಂತರ 29 ಸೆಕೆಂಡು.

ಆ ಛಲ ದೊಡ್ಡದು. ಆದರೆ ದೇಹದ ಮಾತನ್ನೂ ಕೇಳಬೇಕು. ಓಡುವಾಗ ಕಾಲಿನ ಸ್ನಾಯುಗಳು ರಕ್ತವನ್ನು ಹೃದಯದತ್ತ ಒತ್ತುತ್ತವೆ. ಗೆರೆ ದಾಟಿ ತಟಕ್ಕನೆ ನಿಂತರೆ ರಕ್ತ ಕಾಲಿನಲ್ಲೇ ತಂಗಿ, ಒತ್ತಡ ಇಳಿದು, ಕಣ್ಣು ಕತ್ತಲಿಡಬಹುದು. ಮಲಗಿಸಿ ಕಾಲು ಎತ್ತರಿಸಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಮೈ ವಿಪರೀತ ಕಾದು ಮಾತು ತಡವರಿಸಿದರೆ ಬಿಸಿಲಾಘಾತ ಇರಬಹುದು. ಕೂಡಲೇ ವೈದ್ಯರನ್ನು ಕರೆದು, ತಣ್ಣೀರಿನಿಂದ ಮೈ ತಣಿಸಬೇಕು. ಬರೀ ನೀರನ್ನೇ ಅತಿಯಾಗಿ ಕುಡಿದರೂ ರಕ್ತದ ಸೋಡಿಯಂ ಇಳಿದು ಅಪಾಯವಾದೀತು.

ಸ್ಪರ್ಧಿಗಳದಷ್ಟೇ ಅಲ್ಲ, ಡೊಂಬಿವಲಿ, ಕಲ್ಯಾಣದಿಂದ ಲೋಕಲ್ ರೈಲಿನಲ್ಲಿ ನಿಂತೇ ಹೋಗಿ ದುಡಿದು, ರಾತ್ರಿ ಮನೆ ಸೇರುವವರ ದೇಹವೂ ದಣಿಯುತ್ತದೆ. ಸ್ನಾಯುಗಳು ರಿಪೇರಿಯಾಗಿ ಬಲಗೊಳ್ಳುವುದು ವಿಶ್ರಾಂತಿಯ ಹೊತ್ತಿನಲ್ಲಿ. ಹಾಗಾಗಿ ನಿದ್ದೆ, ಊಟ, ಬಿಡುವು ಕೂಡ ಸಾಧನೆಯದೇ ಭಾಗ. ಮನೆಯವರು ಯಾರಾದರೂ ಇಂದು ಸುಸ್ತು ಎಂದರೆ, ಮೊದಲು ಕೂರಿಸಿ ವಿಚಾರಿಸೋಣ. ತಾವೂ ದೇಹಕ್ಕೆ ಅದರ ಪಾಲಿನ ಬಿಡುವು ಕೊಡಿ.